ಬಾಣಂತಿ ಕೋಣೆಯ ಗಾಳಿ

ಕಲ್ಪನಾಳ ಬಾಣಂತನ ತವರಿನಲ್ಲೇ ಆಗಬೇಕಿತ್ತು. ತೊರಪಲ್ಲಿ ಅಗ್ರಹಾರದ ಪಕ್ಕದ ಹಳ್ಳಿಯಲ್ಲಿ ಅವಳ ತಾಯಿ ಗೋವಿಂದಮ್ಮ ಶ್ರಾವಣದಿಂದಲೇ ಅದಕ್ಕೆ ಅಣಿಯಾಗತೊಡಗಿದ್ದಳು. ಹಳೆಯ ನೂಲಿನ ಸೀರೆಗಳನ್ನು ಒಗೆದು ಮಡಿಚಿಟ್ಟಿದ್ದಳು. ಶುಂಠಿ, ಮೆಣಸು, ಬಜೆ, ಓಮ ಎಲ್ಲವನ್ನೂ ಒಣಗಿಸಿ ಡಬ್ಬಗಳಿಗೆ ತುಂಬಿದ್ದಳು. ಗಂಡ ದೊಡ್ಡಣ್ಣನ ಹಿಂದೆ ಬಿದ್ದು ನೀರೊಲೆಯ ಪಕ್ಕದ ಕೋಣೆಗೆ ಸುಣ್ಣ ಹೊಡೆಸಿದ್ದಳು. ಆದರೆ ಏಳು ತಿಂಗಳು ತುಂಬಿದ ಮೇಲೆ ಮಗಳು ಬಂದು, "ಹೆರಿಗೆ ಆದ್ಮೇಲೆ ನಮ್ಮನೇಲೇ ಇರ್ತೀನಮ್ಮ. ನೀನೇ ಅಲ್ಲಿಗೆ ಬಂದ್ಬುಡು" ಎಂದಳು.

"ಮೊದಲ್ನೇ ಬಾಣಂತನ ಕಣೆ. ತೌರಲ್ಲಿ ಮಾಡ್ನಿಲ್ಲ ಅಂದ್ರೆ ಊರೋರು ಏನಂತಾರೆ?"

"ಇಲ್ಲಿ ಒಲೆ ಹೊಗೆ ಅಮ್ಮ. ಮಗೂಗೆ ಆಗಲ್ಲ."

ಗೋವಿಂದಮ್ಮ ಆ ಹೊಗೆಯಲ್ಲೇ ಇಬ್ಬರು ಮಕ್ಕಳನ್ನು ಹೆತ್ತು ಒಬ್ಬಳನ್ನು ಉಳಿಸಿಕೊಂಡವಳು. ಡಬ್ಬಗಳನ್ನು ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು.

ಕಲ್ಪನಾ ತಮಿಳುನಾಡಿನ ಗಡಿಯ ಹೊಸೂರಿನಲ್ಲಿ ಮನೆಗಳ ನಕ್ಷೆ ಬರೆಯುವ ಇಂಜಿನಿಯರು. ಗಂಡ ತಿಲಕ್ ತಿಪಟೂರಿನ ಕಡೆಯವನು, ಕಾರ್ಖಾನೆ ಕೆಲಸಕ್ಕೆಂದು ಬಂದು ಹೊಸೂರಿನಲ್ಲೇ ನಿಂತವನು. ಇಬ್ಬರೂ ಸೇರಿ ತಳಿ ಊರಿಗೆ ಹೋಗುವ ರಸ್ತೆಯ ಏರಿನಲ್ಲಿ, ಗುಲಾಬಿ ತೋಟಗಳ ನಡುವೆ, ಸ್ವಂತ ಮನೆ ಕಟ್ಟಿಕೊಂಡಿದ್ದರು. ಅದು ಕಲ್ಪನಾಳ ಮಾದರಿ ಮನೆ. ಗೋಡೆಗಳು ಆ ನೆಲದ ಮಣ್ಣಿನವೇ. ಏಸಿ ಇರಲಿಲ್ಲ, ಬೇಸಿಗೆಯಲ್ಲೂ ಬೇಕಾಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪನ ಹೊಲದ ಬದುವಿನಲ್ಲಿ ನೋಡಿದ್ದ ಹುತ್ತಗಳು ಒಳಗೊಳಗೇ ಗಾಳಿಯಾಡಿಸಿಕೊಂಡು ತಂಪಾಗಿರುತ್ತವೆ ಎಂದು ಕಾಲೇಜಿನಲ್ಲಿ ಓದಿದ ಮೇಲೆ ಆ ವಿಚಾರ ಅವಳ ತಲೆಯಿಂದ ಹೋಗಿರಲಿಲ್ಲ. ಮನೆಯ ನಡುಮಧ್ಯೆ ಹುತ್ತದಂತೆ ಮೇಲೆದ್ದ ಒಂದು ಗಾಳಿಗೋಪುರ ಮಾಡಿಸಿದ್ದಳು. ಬಿಸಿಗಾಳಿ ಅದರ ಮೂಲಕ ಏರಿ ಹೊರಗೆ ಹೋಗುತ್ತಿತ್ತು. ಎಲೆಯ ತಳಭಾಗದಲ್ಲಿ ಉಸಿರಾಟದ ಸಣ್ಣ ಬಾಯಿಗಳಿರುತ್ತವಲ್ಲ, ಹಾಗೆ ಪ್ರತಿ ಕೋಣೆಯ ಗೋಡೆಯಲ್ಲೂ ಸೀಳುಗಳಿದ್ದವು. ಅವುಗಳ ತೆಳು ರೆಪ್ಪೆಗಳು ತಾವಾಗಿಯೇ ತೆರೆದು ಮುಚ್ಚುತ್ತಿದ್ದವು. ಸೂರಿನಲ್ಲಿ ಕೂರಿಸಿದ್ದ ಬಿಳಿ ಬಿಲ್ಲೆಯೊಂದು ಕೋಣೆಯ ಬಿಸಿ, ತೇವ, ಗಾಳಿಯ ಕೊಳಕು ಎಲ್ಲವನ್ನೂ ಅಳೆದು, ಯಾವಾಗ ತೆರೆಯಬೇಕು ಯಾವಾಗ ಮುಚ್ಚಬೇಕು ಎಂದು ರೆಪ್ಪೆಗಳಿಗೆ ಹೇಳುತ್ತಿತ್ತು. ಎಲ್ಲ ಲೆಕ್ಕವೂ ಕಲ್ಪನಾಳ ಫೋನಿನಲ್ಲಿ ಕಾಣುತ್ತಿತ್ತು.

ಗೃಹಪ್ರವೇಶದ ದಿನ ಗೋವಿಂದಮ್ಮ ಆ ಗೋಪುರಕ್ಕೆ ಅರಿಶಿನ ಕುಂಕುಮ ಹಚ್ಚಿ, "ಹುತ್ತ ಅಂದ್ಮೇಲೆ ಕೈ ಮುಗೀಬೇಕಲ್ಲವ್ವ" ಎಂದು ಎಲ್ಲರನ್ನೂ ನಗಿಸಿದ್ದಳು. ಮನೆ ನೋಡಲು ದೂರದಿಂದ ಜನ ಬರುತ್ತಿದ್ದರು. ಹತ್ತಿರದಲ್ಲೇ ಲೇಔಟ್ ಮಾಡುತ್ತಿದ್ದ ಸುಬ್ರಮಣಿ ಎಂಬಾತ ಚೈತ್ರದ ಒಂದು ಉರಿಮಧ್ಯಾಹ್ನ ಒಳಗೆ ಕೂತು ಮಜ್ಜಿಗೆ ಕುಡಿದು, ಬೆವರದೆ ಎದ್ದು, ತನ್ನ ಲೇಔಟಿನ ಮನೆಗಳೆಲ್ಲ ಇದೇ ರೀತಿ ಆಗಬೇಕು, ನಕ್ಷೆ ಅವಳದೇ ಎಂದು ಅಲ್ಲೇ ಮಾತು ಕೊಟ್ಟು ಹೋಗಿದ್ದ.

ಹೆಣ್ಣುಮಗು ಹುಟ್ಟಿತು. ಅದರ ಹಿಂದೆಯೇ ತಳಿಯ ಚಳಿ ಬಂತು.

ಬೆಳಗ್ಗೆ ಬಿಸಿಲೇರುವ ತನಕ ಮಂಜು, ಮಧ್ಯಾಹ್ನ ದಾಟಿದರೆ ಶೀತಗಾಳಿ. ಗೋವಿಂದಮ್ಮ ದಿನವೂ ಮಗಳಿಗೂ ಮಗುವಿಗೂ ಎಣ್ಣೆ ಹಚ್ಚಿ ಸುಡುನೀರು ಹುಯ್ಯುತ್ತಿದ್ದಳು. ಆಮೇಲೆ ಕೋಣೆಗೆ ಕರೆತಂದು ತಲೆಗೆ ಸಾಂಬ್ರಾಣಿ ಹೊಗೆ ಕೊಡುತ್ತಿದ್ದಳು. ದೊಡ್ಡಣ್ಣ ಜಾಲಿ ಇದ್ದಿಲನ್ನು ಮೂಟೆ ಕಟ್ಟಿ ಬಸ್ಸಿನಲ್ಲಿ ತಂದುಕೊಟ್ಟಿದ್ದ. ಕಬ್ಬಿಣದ ಬಾಣಲೆಯಲ್ಲಿ ಆ ಇದ್ದಿಲಿನ ಕೆಂಡ ಹಾಕಿ ಮಂಚದ ಕೆಳಗೆ ಇಡುವುದು ಗೋವಿಂದಮ್ಮನಿಗೆ ಗೊತ್ತಿದ್ದ ಬಾಣಂತನ.

ಆದರೆ ಸಾಂಬ್ರಾಣಿ ಹೊಗೆ ಎದ್ದ ಕೂಡಲೇ ಸೂರಿನ ಬಿಲ್ಲೆ ಕಿರ್ರನೆ ಕೂಗುತ್ತಿತ್ತು. ಮಗು ಬೆಚ್ಚಿ ಅಳುತ್ತಿತ್ತು. ಗೋಡೆಯ ರೆಪ್ಪೆಗಳೆಲ್ಲ ಒಮ್ಮೆಲೇ ತೆರೆದುಕೊಂಡು ಹೊರಗಿನ ಚಳಿಗಾಳಿ ಒದ್ದೆ ತಲೆಯ ಮೇಲೆ ಬೀಸುತ್ತಿತ್ತು.

"ಇದೇನೇ ಇದು, ಬಾಣಂತಿ ಕೋಣೇಲಿ ಗಾಳಿ!" ಗೋವಿಂದಮ್ಮ ಸೆರಗನ್ನು ಸೀಳಿಗೆ ತುರುಕಿದಳು. ಒಳಗಿನ ಮೋಟಾರು ಗೊರಗೊರ ಸದ್ದು ಮಾಡಿತು.

"ಅಮ್ಮ, ಅದನ್ನ ಮುಚ್ಬ್ಯಾಡ. ಕೋಣೇಲಿ ಗಾಳಿ ಕೆಟ್ಟೈತೆ ಅಂತ ಅದು ತೆಗೀತೈತೆ."

"ಸಾಂಬ್ರಾಣಿ ಹೊಗೇಲಿ ಎಂಥಾ ಕೆಟ್ಟಿದ್ದೇ? ನಿನ್ನ ತಲೆಗೂ ಇದ್ನೇ ಹಾಕ್ದೋಳು ನಾನು. ಶೀತ ನೆತ್ತಿಗೇರಿದ್ರೆ ಸಾಯೋಗಂಟ ಬಿಡಲ್ಲ. ಆವಾಗ ನೆನಸ್ಕೊಂತೀಯ ನನ್ನ."

ಹೀಗೆ ದಿನಾ ನಡೆಯಿತು. ಕಲ್ಪನಾ ವಿವರಿಸಿದಳು, ರೇಗಿದಳು. ಒಂದು ದಿನ ಗೋವಿಂದಮ್ಮ ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದುಹೋದಳು. ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು, "ನನ್ನ ಮಾತು ಯಾವತ್ತು ನಡೀತು, ಇವತ್ತು ನಡಿಯಕ್ಕೆ" ಎಂದು ಪಾತ್ರೆಗಳಿಗೆ ಹೇಳಿಕೊಳ್ಳುವಂತೆ ಹೇಳಿದಳು. ಅತ್ತೆಯ ಕಣ್ಣೀರು ನೋಡಲಾಗದೆ ತಿಲಕ್ ಒಳಗೆ ಬಂದು ಹೆಂಡತಿಯ ಪಕ್ಕ ಕೂತ.

"ಮೂರು ತಿಂಗಳ ಮಾತು ಕಲ್ಪನಾ. ಆಮೇಲೆ ಅವರು ಊರಿಗೆ ಹೋಗ್ತಾರೆ. ಆ ಒಂದು ಕೋಣೆ ಅವರ ಇಷ್ಟದ ಹಾಗೇ ಇರಲಿ ಬಿಡು."

ಕಲ್ಪನಾಳಿಗೂ ಸಾಕಾಗಿತ್ತು. ನಿದ್ದೆಯಿರಲಿಲ್ಲ, ಎದೆಹಾಲು ಸಾಲುತ್ತಿರಲಿಲ್ಲ, ಹೊಲಿಗೆ ಹಾಕಿದ ಜಾಗ ನೋಯುತ್ತಿತ್ತು. ತಾಯಿಯ ಜೊತೆ ಜಗಳ ಬೇರೆ. ಮಲಗಿದಲ್ಲೇ ಫೋನು ತೆಗೆದು ಆ ಕೋಣೆಯ ರೆಪ್ಪೆಗಳನ್ನು ಮುಚ್ಚಿ, ಹಾಗೇ ಇರಲಿ ಎಂದು ಒತ್ತಿದಳು. ಬಿಲ್ಲೆಯ ಕೂಗನ್ನು ನಿಲ್ಲಿಸಿದಳು. ಗಾಳಿಯ ಕೊಳಕನ್ನು ತೋರಿಸುತ್ತಿದ್ದ ಕೆಂಪು ಗುರುತು ಫೋನಿನ ಮುಖದ ಮೇಲೆ ದಿನವಿಡೀ ಮಿನುಗುತ್ತಿತ್ತು. ಅದನ್ನೂ ತೆಗೆದುಹಾಕಿದಳು. ಬಿಸಿಯ ಅಂಕಿ ಮಾತ್ರ ಉಳಿಯಿತು.

"ಅಮ್ಮ, ಇನ್ಮೇಲೆ ಅದು ತೆಗ್ಯಲ್ಲ."

ಗೋವಿಂದಮ್ಮ ಬಂದು ಸೀಳುಗಳ ಹತ್ತಿರ ಅಂಗೈ ಹಿಡಿದು ನೋಡಿದಳು. ಗಾಳಿ ಬರುತ್ತಿರಲಿಲ್ಲ. ಅವಳ ಮುಖ ಅರಳಿತು. ಆ ಸಂಜೆ ಮಗಳಿಗೆ ಸಬ್ಬಸಿಗೆ ಸೊಪ್ಪಿನ ಸಾರು ಮಾಡಿ ಹತ್ತಿರ ಕೂತು ಉಣಿಸಿದಳು. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಇಬ್ಬರೂ ನಗುನಗುತ್ತ ಊರಿನ ಮಾತು ಆಡಿದರು.

ಬಾಗಿಲ ಅಂಚಿಗೆಲ್ಲ ಕಲ್ಪನಾಳೇ ಆರಿಸಿ ಹಾಕಿಸಿದ್ದ ರಬ್ಬರು ಪಟ್ಟಿ ಇತ್ತು. ಕಿಟಕಿಯ ಗಾಜು ಬೆಳಕಿಗೆಂದೇ ಕೂರಿಸಿದ್ದು, ತೆರೆಯುವಂಥದಲ್ಲ. ಒಳಗಿನ ಬಿಸಿ ಹೊರಗೆ ಹೋಗದಂತೆ, ಹೊರಗಿನ ಚಳಿ ಒಳಗೆ ಬರದಂತೆ ಕಟ್ಟಿದ ಮನೆ ಅದು. ರೆಪ್ಪೆ ಮುಚ್ಚಿದರೆ ಆ ಕೋಣೆಗೂ ಹೊರಗಿನ ಲೋಕಕ್ಕೂ ಸಂಬಂಧ ಕಡಿದಂತೆ. ಇದನ್ನು ಕಲ್ಪನಾಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಆದರೆ ಒಳಗೆ ಬೆಂಕಿ ಇರುತ್ತದೆ ಎಂದುಕೊಂಡು ಅವಳು ಆ ಮನೆಯ ಗೆರೆ ಎಳೆದಿರಲಿಲ್ಲ. ಬೆಂಕಿ ಅವಳ ಮನಸ್ಸಿನಲ್ಲಿ ಹಳ್ಳಿಯ ವಸ್ತುವಾಗಿತ್ತು.

ಮುಂದಿನ ದಿನಗಳಲ್ಲಿ ತಾಯಿ ಮಗಳಿಬ್ಬರಿಗೂ ಆಗಾಗ ತಲೆನೋವು ಬಂತು. ಗೋವಿಂದಮ್ಮ ಶುಂಠಿ ತೇದು ಹಣೆಗೆ ಹಚ್ಚಿದಳು, ಚಳಿ ಹೆಚ್ಚಾಗಿದೆ ಎಂದು ಬಾಗಿಲನ್ನು ಇನ್ನೂ ಬಿಗಿಯಾಗಿ ಹಾಕಿದಳು. ನೀರಿಗೆ, ಊಟಕ್ಕೆ, ಮಗುವಿನ ಬಟ್ಟೆಗೆ ಎಂದು ಯಾರಾದರೊಬ್ಬರು ಬಾಗಿಲು ತೆರೆದು ಓಡಾಡುತ್ತಲೇ ಇದ್ದುದರಿಂದ ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ.

ಮಗುವಿಗೆ ಒಂದೂವರೆ ತಿಂಗಳ ಸೂಜಿ ಹಾಕಿಸುವ ದಿನ ಬಂತು. ತಿಲಕ್ ರಜೆ ಹಾಕಿದ. ಮೋಡ ಮುಸುಕಿತ್ತು, ಜಿನುಗುಮಳೆ. ಗೋವಿಂದಮ್ಮ ಮಗುವಿಗೆ ಎರಡು ಟೋಪಿ ಹಾಕಿ, ಮಗಳ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದು ಕಾರಿನ ತನಕ ಬಂದಳು.

"ಅಳಿಯಂದ್ರೇ, ಕಾರಿನ ಗಾಜು ಇಳಿಸ್ಬ್ಯಾಡಿ. ಬೇಗ ಬಂದ್ಬುಡಿ. ನೀವು ಬರೋ ಹೊತ್ಗೆ ಕೋಣೆ ಬೆಚ್ಚಗೆ ಮಾಡಿಟ್ಟಿರ್ತೀನಿ."

"ನೀನು ಸ್ವಲ್ಪ ಮಲೀಕೊ ಅಮ್ಮ. ರಾತ್ರಿಯೆಲ್ಲ ಕೂತೇ ಇದ್ದೀಯ" ಎಂದಳು ಕಲ್ಪನಾ.

"ಹೂಂ ಹೋಗು, ಮಲೀಕೊಂತೀನಿ."

ಹೊಸೂರಿನ ಆಸ್ಪತ್ರೆಯಲ್ಲಿ ಉದ್ದ ಸಾಲು. ಮಕ್ಕಳ ಅಳು, ಡೆಟಾಲಿನ ವಾಸನೆ. ಕಲ್ಪನಾ ಬೆಂಚಿನ ಮೇಲೆ ಕೂತು ಫೋನು ನೋಡಿದಳು. ಬಾಣಂತಿ ಕೋಣೆಯ ಅಂಕಿ ಏರುತ್ತಿತ್ತು. ಹೊರಡುವಾಗ ಹತ್ತೊಂಬತ್ತು ಇದ್ದದ್ದು ಈಗ ಇಪ್ಪತ್ತನಾಲ್ಕು. ಫೋನನ್ನು ತಿಲಕನ ಕಡೆ ತಿರುಗಿಸಿದಳು.

"ನೋಡು, ಅಮ್ಮ ಕೆಂಡ ಹಾಕೈತೆ. ಮಲೀಕೊ ಅಂದ್ರೆ ಕೇಳಲ್ಲ."

ಕಲ್ಪನಾ ನಕ್ಕಳು, ತಿಲಕನೂ ನಕ್ಕ. "ಅಲ್ಲಿ ಕೂತವರ ಕೆಲಸ ಇಲ್ಲಿ ಕೂತು ನೋಡ್ತಿದೀಯಲ್ಲ."

ಮಗುವಿನ ಸರದಿ ಬಂತು. ಸೂಜಿ ಚುಚ್ಚಿದ ನರ್ಸು, "ಪಾಪಾವುಕ್ಕು ಕಾಯ್ಚಲ್ ವರುಂ, ಭಯಪಡಾದೀಂಗ" ಎಂದಳು. ಜ್ವರ ಬಂದರೆ ಹೆದರಬೇಡಿ ಎಂದು. ಮಗು ಕೆಂಪಾಗಿ ಅತ್ತು ಕೊನೆಗೆ ಹಾಲು ಕುಡಿದು ಮಲಗಿತು. ಕಲ್ಪನಾ ಮತ್ತೊಮ್ಮೆ ಫೋನು ನೋಡಿದಳು. ಇಪ್ಪತ್ತೆಂಟು. ಮಗುವಿಗೆ ಜ್ವರ ಬಂದರೂ ಬೆಚ್ಚನೆಯ ಜಾಗ ಸಿದ್ಧವಾಗಿದೆ ಎಂದು ಅವಳಿಗೆ ನಿರಾಳವಾಯಿತು.

ವಾಪಸು ಬರುವಾಗ ದಾರಿಯಲ್ಲಿ ತಾಯಿಗೆ ಫೋನು ಮಾಡಿದಳು. ಎತ್ತಲಿಲ್ಲ. ಮಲಗಿರಬೇಕು, ಮಲಗಲಿ ಎಂದು ಮತ್ತೆ ಮಾಡಲಿಲ್ಲ.

ಮನೆಯೊಳಗೆ ಸದ್ದಿರಲಿಲ್ಲ. ಅಡುಗೆಮನೆಯಲ್ಲಿ ಅನ್ನ, ಸಾರು ಮುಚ್ಚಿಟ್ಟಿತ್ತು. ಕಲ್ಪನಾ ಮಗುವನ್ನು ಎತ್ತಿಕೊಂಡ ಗಂಡನನ್ನು ಹಿಂದೆ ಬಿಟ್ಟು ಕೋಣೆಯ ಬಾಗಿಲು ತಳ್ಳಿದಳು. ಬಿಸಿ ಮುಖಕ್ಕೆ ಬಡಿಯಿತು. ಹೊಗೆ ಇರಲಿಲ್ಲ. ಬಾಣಲೆಯಲ್ಲಿ ಕೆಂಡ ನಿಗಿನಿಗಿ ಇತ್ತು. ಗೋವಿಂದಮ್ಮ ಗೋಡೆಯ ಪಕ್ಕ ಚಾಪೆಯ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದಳು. ಕೈಯನ್ನು ತಲೆಯ ಕೆಳಗೆ ಇಟ್ಟುಕೊಂಡಿದ್ದಳು. ಕೆನ್ನೆಗಳು ಕೆಂಪಗೆ, ಹೊಲದಿಂದ ಈಗತಾನೇ ಬಂದವಳಂತೆ. ಇಷ್ಟು ದಿನ ಬಾಡಿದ್ದ ಮುಖ ಇವತ್ತು ಎಷ್ಟು ಲಕ್ಷಣವಾಗಿದೆ ಎಂದು ಕಲ್ಪನಾಳಿಗೆ ಅನ್ನಿಸಿತು.

"ಅಮ್ಮ, ಬಂದ್ವಿ."

ಎರಡನೇ ಸಲ ಕರೆಯುವ ಹೊತ್ತಿಗೆ ಅವಳಿಗೆ ತಿಳಿದುಹೋಗಿತ್ತು. ತಿಲಕ್ ಹೊಸ್ತಿಲ ಮೇಲೆ ಕಾಲಿಡುತ್ತಿದ್ದ.

"ಒಳಗೆ ಬರಬ್ಯಾಡ! ಮಗೂನ ಆಚೆ ಎತ್ಕೊಂಡೋಗು! ಅಂಗಳಕ್ಕೋಗು!"

ಅವಳ ದನಿ ಕೇಳಿ ಅವನು ಏನೂ ಕೇಳದೆ ಓಡಿದ. ಕಲ್ಪನಾ ಚಾಪೆಯ ತುದಿ ಹಿಡಿದು ಎಳೆದಳು. ಹಸಿ ಬಾಣಂತಿಯ ಸೊಂಟದಲ್ಲಿ ಏನೋ ಕಿತ್ತುಬಂದಂತಾಯಿತು. ತಾಯಿಯನ್ನು ಎಳೆಯುತ್ತ ನಡುಮನೆ ದಾಟಿ ಜಗಲಿಗೆ ತಂದಳು. ಜಿನುಗುಮಳೆ ಗೋವಿಂದಮ್ಮನ ಮುಖದ ಮೇಲೆ ಬಿತ್ತು. ಎದೆ ಒತ್ತಿದಳು, ಬಾಯಿಗೆ ಬಾಯಿ ಇಟ್ಟು ಊದಿದಳು. ಆಂಬುಲೆನ್ಸು ಬರುವ ತನಕ ಊದುತ್ತಲೇ ಇದ್ದಳು. ಬಂದವನು ನಾಡಿ ನೋಡಿ, ಕಣ್ಣು ಬಿಡಿಸಿ ನೋಡಿ, ಅವಳ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರು ಕೆಂಡದ ವಿಷಗಾಳಿ ಎಂದರು. ಆ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಒಳಗಿದ್ದವರಿಗೆ ನಿದ್ದೆ ಬಂದಂತಾಗುತ್ತದೆ ಅಷ್ಟೆ ಎಂದು ದೊಡ್ಡಣ್ಣನಿಗೆ ತಮಿಳಿನಲ್ಲಿ ತಿಳಿಯ ಹೇಳಿದರು. ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡರು. ಗೋವಿಂದಮ್ಮನನ್ನು ಊರಿಗೆ ತಂದು ಹೊಲದ ಮೂಲೆಯಲ್ಲಿ ಮಣ್ಣು ಮಾಡಿದರು.

ದೊಡ್ಡಣ್ಣ ಅಳಲಿಲ್ಲ. ಬಂದವರಿಗೆಲ್ಲ ಒಂದೇ ಮಾತು ಹೇಳಿದ. "ಇದ್ದಿಲು ಹೊತ್ಕೊಂಡೋಗಿ ಕೊಟ್ಟೋನು ನಾನು. ಒಣಗಿರೋದ್ನೇ ಆರಿಸಿ ಕೊಟ್ಟೆ."

ಆದರೆ ಡಾಕ್ಟರ ಮಾತು ಊರಿನವರಿಗೆ ಹಿಡಿಸಲಿಲ್ಲ. ಯಾರ ಮನೆಯಲ್ಲಿ ಕೆಂಡ ಇಟ್ಟಿಲ್ಲ? ಯಾವ ಬಾಣಂತಿ ಕೋಣೆಗೆ ಬಾಗಿಲು ಹಾಕಿಲ್ಲ? ಅಜ್ಜಿ ಮುತ್ತಜ್ಜಿ ಕಾಲದಿಂದ ಇಲ್ಲದ ಸಾವು ಈಗೇಕೆ ಬಂತು? ಅದಕ್ಕೆ ಉತ್ತರ ಬೇಕಿತ್ತು. ದೊಡ್ಡಣ್ಣನ ಅಕ್ಕ ಪಿಳ್ಳಮ್ಮನ ಬಾಯಲ್ಲಿ ಆ ಉತ್ತರ ಮೊದಲು ಬಂತು.

ಮಣ್ಣಾದ ಮೂರನೆಯ ದಿನ, ಹಾಲುತುಪ್ಪಕ್ಕೆಂದು ಬಂದ ನೆಂಟರು ಅಂಗಳದಲ್ಲಿ ಕೂತಿದ್ದರು. ಮಗು ಒಳಗೆ ಅಳುತ್ತಿತ್ತು. ಕಲ್ಪನಾ ಸ್ನಾನಕ್ಕೆ ಹೋಗಿದ್ದಳು. ಅಷ್ಟು ಹೆಂಗಸರಿದ್ದರೂ ಯಾರೂ ಮಗುವನ್ನು ಎತ್ತಿಕೊಳ್ಳಲಿಲ್ಲ. ಕೊನೆಗೆ ತಿಲಕನೇ ಎದ್ದು ಹೋದ. ಕಲ್ಪನಾ ತಲೆ ಒರೆಸಿಕೊಳ್ಳುತ್ತ ಬಂದಾಗ ಪಿಳ್ಳಮ್ಮ ಪಕ್ಕದವಳಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು.

"ಹುಟ್ಟಿದ ಗಳಿಗೆ ಸರಿಯಿಲ್ಲ ಕಣವ್ವ. ತಾಯಿ ಕಡೇರಿಗೆ ಆಗಲ್ಲ ಅಂತ ಐನೋರು ಆವತ್ತೇ ಅಂದ್ರಂತೆ. ಅಜ್ಜೀನ ತಿಂದ್ಕೊಂತು. ಇನ್ನು ನಮ್ಮ ದೊಡ್ಡಣ್ಣ ಉಸಾರಾಗಿರ್ಬೇಕು."

ದೊಡ್ಡಣ್ಣ ಕಂಬಕ್ಕೆ ಒರಗಿ ಕೂತು ಆ ಮಾತು ಕೇಳಿಸಿಕೊಳ್ಳುತ್ತಿದ್ದ. ಅಲ್ಲ ಎನ್ನಲಿಲ್ಲ. ಮೂರು ದಿನದಿಂದ ಅವನೂ ಮೊಮ್ಮಗಳ ಮುಖ ನೋಡಿರಲಿಲ್ಲ ಎಂದು ಕಲ್ಪನಾಳಿಗೆ ಆಗ ಹೊಳೆಯಿತು.

ಅವಳು ಅಂಗಳದ ನಡುವೆ ಬಂದು ನಿಂತಳು. ತಿಲಕ್ ಬಾಗಿಲಿನಿಂದಲೇ, "ಬೇಡ ಕಲ್ಪನಾ. ಈಗ ಹೇಳಿ ಏನು ಬಂತು?" ಎಂದ. ಅವನಿಗೆ ಅವಳ ಮನಸ್ಸು ಗೊತ್ತಾಗಿತ್ತು.

"ಅತ್ತೆ, ಮಗು ಏನೂ ಮಾಡಿಲ್ಲ" ಎಂದಳು. "ಕೆಂಡದ್ದೂ ತಪ್ಪಿಲ್ಲ. ನಮ್ಮ ಹೆಂಚಿನ ಮನೇಲಿ ಸಂದು ಸಂದಲ್ಲೂ ಗಾಳಿ ಬತ್ತದೆ, ಅದಕ್ಕೆ ಇಲ್ಲಿ ಯಾರೂ ಸತ್ತಿಲ್ಲ. ನಾನು ಕಟ್ಟಿರೋ ಮನೇಲಿ ಸಂದಿಲ್ಲ. ಗಾಳಿ ಕೆಟ್ರೆ ತಾನೇ ತಕ್ಕೊಳ್ಳೋ ಹಂಗೆ ಮಾಡಿಟ್ಟಿದ್ದೆ. ಅಮ್ಮಂಗೆ ಚಳಿ ಆಗುತ್ತೆ ಅಂತ ಅದನ್ನ ಮುಚ್ಚಿದೋಳು ನಾನು. ಕೂಗಿ ಹೇಳೋದನ್ನೂ ನಾನೇ ಬಾಯಿ ಮುಚ್ಚಿಸ್ದೆ. ಆಸ್ಪತ್ರೇಲಿ ಕೂತು ಕೋಣೆ ಬಿಸಿ ಆಗೋದನ್ನ ಫೋನಲ್ಲಿ ನೋಡ್ತಾ ಇದ್ದೆ. ನೋಡಿ ನಕ್ಕೆ. ಅನ್ನೋದಿದ್ರೆ ನನ್ನ ಅನ್ನಿ. ಮಗೂ ತಂಟೆಗೆ ಹೋಗ್ಬ್ಯಾಡಿ."

ಪಿಳ್ಳಮ್ಮ ಸೆರಗಿನ ತುದಿಯನ್ನು ಬಾಯಿಗೆ ಇಟ್ಟುಕೊಂಡಳು. ದೊಡ್ಡಣ್ಣ ಮಗಳನ್ನು ಬಹಳ ಹೊತ್ತು ನೋಡಿದ. ಅವನ ದನಿ ಏರಲಿಲ್ಲ.

"ನಿಮ್ಮಮ್ಮ ಹೇಳಿದ್ದನ್ನ ನೀನು ಯಾವತ್ತು ಕೇಳಿದ್ದೆ? ಅಷ್ಟು ದೂರ ಓದಕ್ಕೋಗ್ಬ್ಯಾಡ ಅಂದ್ಲು, ಹೋದೆ. ಗೊತ್ತಿಲ್ಲದ ಊರಿನ ಹುಡ್ಗ ಬ್ಯಾಡ ಅಂದ್ಲು, ಕಟ್ಕೊಂಡೆ. ತೌರಲ್ಲಿ ಬಾಣಂತನ ಮಾಡ್ತೀನಿ ಅಂದ್ಲು, ಒಲ್ಲೆ ಅಂದೆ. ಇದೊಂದು ಮಾತು ಕೇಳ್ದೆ. ಇದೊಂದ್ನೂ ಕೇಳ್ದೇ ಇದ್ದಿದ್ರೆ ಬದುಕಿರೋಳು."

ಎದ್ದು ಹೊಲದ ಕಡೆ ನಡೆದುಬಿಟ್ಟ. ಸ್ವಲ್ಪ ಹೊತ್ತಿನ ಮೇಲೆ ಪಿಳ್ಳಮ್ಮ ಮಂಡಿಗೆ ಕೈ ಊರಿ ಎದ್ದು, ತಿಲಕನ ಕೈಯಿಂದ ಮಗುವನ್ನು ಇಸಿದುಕೊಂಡು ತನ್ನ ಮಡಿಲಲ್ಲಿ ಹಾಕಿಕೊಂಡಳು. ಅದರ ಮೂಗು ಒರೆಸಿದಳು. ಗಳಿಗೆಯ ಮಾತು ಆ ಅಂಗಳದಲ್ಲಿ ಮತ್ತೆ ಬರಲಿಲ್ಲ.

ತಿಥಿ ಮುಗಿದ ವಾರದಲ್ಲಿ ಸುಬ್ರಮಣಿ ತಳಿ ರಸ್ತೆಯ ಮನೆಗೆ ಬಂದ. ದುಃಖದ ಮಾತು ಆಡಿ, ಕಾಫಿ ಕುಡಿದು, ಆಮೇಲೆ ದನಿ ತಗ್ಗಿಸಿದ.

"ಮೇಡಂ, ಜನ ಕೇಳಿದ್ರೆ ಹಾರ್ಟ್ ಅಟ್ಯಾಕ್ ಅನ್ನಿ. ವಯಸ್ಸಾಗಿತ್ತಲ್ಲ. ಬುಕ್ ಮಾಡಿದವರು ಹೆದರ್ತಾವ್ರೆ."

"ಸಾರ್, ನಕ್ಷೆ ಬದಲಾಯಿಸ್ಬೇಕು" ಎಂದಳು ಕಲ್ಪನಾ. "ಪ್ರತಿ ಕೋಣೇಲೂ ಯಾರೂ ಮುಚ್ಚಕ್ಕಾಗದ ಒಂದು ಕಂಡಿ ಇರ್ಬೇಕು. ಕಿಟಕಿ ತೆಗೆಯಂಗಿರ್ಬೇಕು. ಕೆಂಡದ ಗಾಳಿ ಅಳೆಯೋ ಸಾಮಾನು ಬೇರೆ ಹಾಕ್ಬೇಕು. ಈಗಿರೋ ಬಿಲ್ಲೆಗೆ ಗಾಳಿ ಕೆಟ್ಟಿದ್ದು ಗೊತ್ತಾಗುತ್ತೆ, ಆ ವಿಷ ಬೇರೆಯಾಗಿ ಗೊತ್ತಾಗಲ್ಲ."

"ಕಂಡಿ ಬಿಟ್ರೆ ಚಳಿ ಬರುತ್ತೆ, ಧೂಳು ಬರುತ್ತೆ. ಮತ್ತೆ ಮಾಮೂಲಿ ಮನೆ ಆಗೋಗುತ್ತಲ್ಲ ಮೇಡಂ. ಜನ ಇದಕ್ಕೇ ತಾನೇ ಆಸೆಪಟ್ಟು ಬರ್ತಿರೋದು."

"ಹಂಗಾದ್ರೆ ನನ್ನ ಹೆಸರು ಬ್ಯಾಡ."

ಸುಬ್ರಮಣಿ ಹೆಸರು ತೆಗೆದ. ನಕ್ಷೆಯನ್ನು ಇಟ್ಟುಕೊಂಡ. ಬೇಸಿಗೆಯ ಹೊತ್ತಿಗೆ ಆ ಲೇಔಟಿನಲ್ಲಿ ಗೋಪುರಗಳು ಸಾಲಾಗಿ ಎದ್ದವು. ಮಳೆಗಾಲದ ಹೊತ್ತಿಗೆ ಮನೆಗಳು ತುಂಬಿದವು. ಕಲ್ಪನಾ ಒಂದು ಭಾನುವಾರ ಮಗುವನ್ನು ಗಂಡನ ಹತ್ತಿರ ಬಿಟ್ಟು ಅಲ್ಲಿಗೆ ಹೋದಳು. ಒಳಗೆ ಬೆಂಕಿ ಹಾಕಬೇಡಿ, ಗೋಡೆಯ ಬಾಯಿ ಮುಚ್ಚಬೇಡಿ ಎಂದು ಮನೆಮನೆಗೆ ಹೇಳಿದಳು. ಕೆಲವರು ಕೂರಿಸಿ ಕೇಳಿದರು. ಕೆಲವರು ಬಾಗಿಲಲ್ಲೇ ನಿಲ್ಲಿಸಿ, ಬಿಲ್ಡರಿಗೂ ಇವಳಿಗೂ ಏನೋ ಜಗಳ ಎಂದುಕೊಂಡು ತಲೆಯಾಡಿಸಿದರು. ಮುಂದಿನ ವಾರ ಹೋದಾಗ ಗೇಟಿನ ಕಾವಲುಗಾರ ಮುನಿಶಾಮಿ ದಾರಿಗೆ ಅಡ್ಡ ನಿಂತ. "ಒಳಗೆ ಬಿಡಬಾರ್ದು ಅಂತ ಹೇಳವ್ರೆ ತಾಯಿ. ನನ್ನ ಕೆಲಸ ಹೋತದೆ" ಎಂದು ಕೈಮುಗಿದ.

ತಮ್ಮ ಮನೆಯ ಆ ಕೋಣೆಗೆ ಅವಳು ಗಾರೆ ಕೆಲಸದ ವೆಂಕಿಯನ್ನು ಕರೆಸಿದಳು. ಗೋಡೆಯ ಮೇಲ್ಭಾಗದಲ್ಲೂ ಕೆಳಭಾಗದಲ್ಲೂ ಇಟ್ಟಿಗೆಯಷ್ಟು ಅಗಲದ ಕಂಡಿ ಒಡೆಸಿದಳು. ಜಾಲರಿ ಬಿಟ್ಟು ಬೇರೇನೂ ಹಾಕಿಸಲಿಲ್ಲ. ಆಮೇಲೂ ಆ ಕೋಣೆಯಲ್ಲಿ ಯಾರೂ ಮಲಗಲಿಲ್ಲ. ತಿಲಕ್ ಅದರಲ್ಲಿ ಸೈಕಲ್ಲು, ಹಳೆಯ ಪೆಟ್ಟಿಗೆ, ನೀರಿನ ಡ್ರಮ್ಮು ಇಟ್ಟ. ಚಳಿಗಾಲ ಮತ್ತೆ ಬಂದಾಗ ಕಂಡಿಯಿಂದ ಮಂಜುಗಾಳಿ ಬಂದು ಮನೆಯೆಲ್ಲ ತಣ್ಣಗಾಗುತ್ತಿತ್ತು. ಅವರು ಸ್ವೆಟರು ಹಾಕಿಕೊಂಡು ಇದ್ದರು.

ದೊಡ್ಡಣ್ಣ ಈಗಲೂ ಆಗಾಗ ತಳಿ ಬಸ್ಸಿನಲ್ಲಿ ಬರುತ್ತಾನೆ. ಹುರುಳಿಕಾಯಿ, ಕೊತ್ತಂಬರಿ, ಕೆಲವು ಸಲ ರಾಗಿ ಹಿಟ್ಟು ತರುತ್ತಾನೆ. ಒಳಗೆ ಬರುವುದಿಲ್ಲ, ಜಗಲಿಯಲ್ಲೇ ಕೂರುತ್ತಾನೆ. ಮೊಮ್ಮಗಳು ಗೋಡೆ ಹಿಡಿದು ನಡೆದು ಅವನ ಹತ್ತಿರ ಹೋಗುತ್ತಾಳೆ. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಊರಿನ ಎಮ್ಮೆಯ ವಿಚಾರ, ಬಾವಿಯ ವಿಚಾರ, ಯಾರ ಮನೆಯಲ್ಲಿ ಮದುವೆ ಎಂಬ ವಿಚಾರ ಎಲ್ಲವನ್ನೂ ಹೇಳುತ್ತಾನೆ. ಕಲ್ಪನಾ ತಟ್ಟೆಯಲ್ಲಿ ಮುದ್ದೆ ತಂದಿಟ್ಟರೆ ಉಣ್ಣುತ್ತಾನೆ. ಕೈ ತೊಳೆದು ಟವೆಲು ಹೆಗಲಿಗೆ ಹಾಕಿಕೊಂಡು, "ಬತ್ತೀನಿ ಕಣ್ಮಗ" ಎಂದು ಮಗುವಿಗೆ ಮಾತ್ರ ಹೇಳಿ ಬಸ್ಸಿಗೆ ಹೋಗುತ್ತಾನೆ. ಕಲ್ಪನಾ ತಟ್ಟೆ ಎತ್ತಿಕೊಂಡು ಒಳಗೆ ಬರುತ್ತಾಳೆ.